ಖಾಲಿ ಇರಬೇಕಿದ್ದ ಕೆರೆ

ಅಥವಾ ತಾನೇ ಅತಿಯಾಗಿ ಯೋಚಿಸುತ್ತಿರಬಹುದೆ? ಇಷ್ಟು ಚೆಂದ ಕಾಣುವ ನೀರು ತಪ್ಪಾಗಿರಲೇಬೇಕು ಎಂದೇನಿದೆ? ಈ ವರ್ಷ ಮಳೆ ಜೋರಾಗಿ ಬರದೆಯೂ ಹೋಗಬಹುದು. ಬಂದರೂ ಬಿಟ್ಟುಬಿಟ್ಟು ಬರಬಹುದು. ಒಂದು ಮಳೆಗೂ ಇನ್ನೊಂದಕ್ಕೂ ನಡುವೆ ನೆಲಕ್ಕೆ ಉಸಿರಾಡಲು ಬಿಡುವು ಸಿಗಬಹುದು. ತನ್ನ ಲೆಕ್ಕದ ಕಾಗದದ ಮೇಲೆ ಮುಳುಗಿದ ಬೀದಿಗಳೆಲ್ಲ ನಿಜವಾಗಿಯೂ ಮುಳುಗುತ್ತವೆಯೆ?

ಏರಿಯ ಮೇಲೆ ನಿಂತು ಅವನು ಹೀಗೆ ತನಗೆ ತಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದ. ಎದುರಿಗೆ ಕೆರೆ ತುಳುಕುವಂತೆ ನಿಂತಿತ್ತು. ಅಂಚಿನಲ್ಲಿ ಜೊಂಡು ಆಳೆತ್ತರ ಬೆಳೆದಿತ್ತು. ಸಂಜೆ ತಿರುಗಾಡಲು ಬಂದವರು ಅಲ್ಲಲ್ಲಿ ನಿಂತು ಫೋಟೊ ತೆಗೆದುಕೊಳ್ಳುತ್ತಿದ್ದರು. ನಗರ ಯೋಜನಾ ಕಚೇರಿಗೆ ಸೇರಿದ ಮೇಲೆ ಅವನ ಕೈಯಿಂದ ಆದ ಮೊದಲ ಕೆಲಸ ಅದು. ನೋಡಿದವರೆಲ್ಲ ಹೊಗಳುತ್ತಿದ್ದರು. ಅವನೊಬ್ಬನಿಗೆ ಮಾತ್ರ ಅದು ತುಂಬಿದ್ದು ಕಂಡಾಗಲೆಲ್ಲ ಎದೆಯ ಮೇಲೆ ಕಲ್ಲು ಹೇರಿದಂತಾಗುತ್ತಿತ್ತು.

ಏಕೆಂದರೆ ಅದು ಕೆರೆಯೇ ಅಲ್ಲ. ಮೇಲಿನ ಬಡಾವಣೆಗಳ ತುಂಬ ಕಾಂಕ್ರೀಟು. ಅಲ್ಲಿ ಬಿದ್ದ ಮಳೆ ಇಂಗಲು ಜಾಗವಿಲ್ಲದೆ ಒಂದೇ ಏಟಿಗೆ ಕೆಳಗಿನ ಓಣಿಗಳಿಗೆ ನುಗ್ಗುತ್ತಿತ್ತು. ದೊಡ್ಡ ಸಿಮೆಂಟು ಚರಂಡಿ ಕಟ್ಟಿ ನೀರನ್ನು ಊರಾಚೆ ಓಡಿಸಬೇಕೆಂದು ಕಚೇರಿಯ ಅರ್ಧ ಜನ ಹಟ ಹಿಡಿದಿದ್ದರು. ಮುಖ್ಯಸ್ಥೆಯಾಗಿದ್ದ ಮೇಡಂ ಒಪ್ಪಲಿಲ್ಲ. "ನೀರು ಅಂದ್ರೆ ನೆಂಟರಿದ್ದ ಹಾಗೆ. ಮುಂಬಾಗಿಲಲ್ಲಿ ಓಡಿಸಿದ್ರೆ ಮುನಿಸ್ಕೊಂಡು ಹಿಂಬಾಗಿಲಿಂದ ಬರ್ತಾರೆ. ಕೂರೋಕೆ ಜಾಗ ಕೊಡಿ, ಅವರಾಗೇ ಎದ್ದು ಹೋಗ್ತಾರೆ" ಎಂದು ಸಭೆಯ ಮೇಲೆ ಸಭೆ ನಡೆಸಿ ಕೊನೆಗೂ ಗೆದ್ದರು. ಓಣಿಯ ತಲೆಗೆ ಪಾಳು ಬಿದ್ದಿದ್ದ ತಗ್ಗನ್ನು ಇನ್ನಷ್ಟು ಅಗೆದು, ಜೊಂಡು ನೆಟ್ಟು, ಸುತ್ತ ಮಣ್ಣಿನ ಏರಿ ಹಾಕಿ, ತಳದಲ್ಲಿ ಒಂದು ತೂಬು ಇಟ್ಟರು. ಮಳೆ ಬಂದಾಗ ತುಂಬಬೇಕು. ನಿಂತ ಮೇಲೆ ತೂಬಿನಿಂದ ನಿಧಾನವಾಗಿ ಬರಿದಾಗಬೇಕು. ಮುಂದಿನ ಮಳೆಗೆ ಹಸಿದ ಹೊಟ್ಟೆಯಲ್ಲಿ ಕಾಯಬೇಕು. ಇಷ್ಟೇ ಅದರ ಧರ್ಮ. ಉಂಡು ತೇಗಿದವನಿಗೆ ಮತ್ತೆ ಬಡಿಸಿದರೆ ಅವನಾದರೂ ಎಲ್ಲಿಗೆ ಹಾಕಿಕೊಂಡಾನು?

ಆದರೆ ಉದ್ಘಾಟನೆಗೆ ಮೊದಲು ಮೇಯರ್ ಕಡೆಯವರು ಬಂದು ನೋಡಿ ಮುಖ ಸಿಂಡರಿಸಿದ್ದರು. "ಏನ್ರೀ ಇದು? ಒಂದು ಗುಂಡಿ ಉದ್ಘಾಟನೆ ಮಾಡೋಕೆ ಅವರನ್ನ ಕರೀತಿದ್ದೀರಾ?" ಒಂದು ದಿನದ ಮಟ್ಟಿಗೆ ಎಂದು ತೂಬು ಮುಚ್ಚಿ, ಹತ್ತಿರದ ಕಾಲುವೆಯೊಂದನ್ನು ತಿರುಗಿಸಿ ತುಂಬಿಸಿದರು. ಆ ಒಂದು ದಿನ ಮುಗಿಯಲೇ ಇಲ್ಲ. ನೀರು ನಿಂತಿತು, ಹಕ್ಕಿ ಬಂದವು, ಏರಿಯ ಮೇಲೆ ಬೆಂಚು ಬಂದವು. ಬೇರೆ ಊರಿನ ಅಧಿಕಾರಿಗಳು ಬಂದು ನೋಡಿ ತಲೆದೂಗಿ ಹೋದರು. ಜನರ ನೀರು ಜನರ ಕೈಯಲ್ಲೇ ಇರಬೇಕೆಂಬುದು ಮೇಡಂ ಪಟ್ಟು. ಹಾಗಾಗಿ ತೂಬಿನ ಕೀಲಿ ಓಣಿಯ ಸಮಿತಿಗೆ ಹೋಯಿತು. ಸಮಿತಿಯಲ್ಲಿ ತೂಬಿಗೆ ತೀರ ಹತ್ತಿರದ ಮನೆ ಯಾರದೋ ಅವರಿಗೆ ಕೀಲಿ ಎಂದಾಯಿತು. ಆ ಮನೆ ಅವನ ಅಕ್ಕನದು.

ಕೀಲಿ ಕೊಟ್ಟ ದಿನ ಸಮಿತಿಗೆ ವಿವರಿಸುವ ಕೆಲಸ ಅವನ ಪಾಲಿಗೆ ಬಂದಿತ್ತು. ಎದ್ದು ನಿಂತು, "ಮುಂಗಾರಿಗೆ ಪೂರ್ವಭಾವಿಯಾಗಿ ಒಳಹರಿವಿಗೆ ತಕ್ಕ ಸಾಮರ್ಥ್ಯವನ್ನು ಕಾಯ್ದಿರಿಸತಕ್ಕದ್ದು" ಎಂದಿದ್ದ. ಯಾರಿಗೂ ಏನೂ ಅರ್ಥವಾಗಲಿಲ್ಲ. ಅಕ್ಕ ಎಲ್ಲರಿಗಿಂತ ಮೊದಲು ಚಪ್ಪಾಳೆ ಹೊಡೆದಿದ್ದಳು.

ಏರಿಯಿಂದ ಇಳಿದು ಅವನು ಅಕ್ಕನ ಮನೆಗೆ ನಡೆದ. ಆ ಓಣಿಯಲ್ಲಿ ಪ್ರತಿಸಲ ಹಳೆಯ ಡಾಂಬರು ಕೀಳದೆ ಅದರ ಮೇಲೇ ಹೊಸದು ಸುರಿಯುತ್ತ ಬಂದಿದ್ದರು. ಅವನು ಅಲ್ಲಿದ್ದು ಕಾಲೇಜಿಗೆ ಹೋಗುತ್ತಿದ್ದ ಕಾಲಕ್ಕೆ ಮೆಟ್ಟಿಲು ಹತ್ತಿ ಹೋಗಬೇಕಿದ್ದ ಮನೆಗೆ ಈಗ ಮೆಟ್ಟಿಲು ಇಳಿದು ಹೋಗಬೇಕಿತ್ತು. ಮನೆ ಇದ್ದಲ್ಲೇ ಇತ್ತು; ಬೀದಿ ಬೆಳೆದಿತ್ತು.

"ಚಪ್ಪಲಿ ಒರೆಸ್ಕೊಂಡು ಬಾರೋ. ಏರಿ ಮಣ್ಣೆಲ್ಲ ನನ್ನ ಮನೆಗೇ ತಂದು ಸುರೀಬೇಡ" ಎಂದಳು ಅಕ್ಕ, ತಿರುಗಿಯೂ ನೋಡದೆ.

ಕಿಟಕಿಗೆ ಒತ್ತಿ ಹಾಕಿದ ಮಂಚದ ಮೇಲೆ ಭಾವ ದಿಂಬಿಗೆ ಒರಗಿದ್ದರು. ಬಸ್ಸಿನ ಡ್ರೈವರಾಗಿದ್ದವರು. ಲಕ್ವ ಹೊಡೆದು ಬಲಗಡೆ ಪೂರ್ತಿ ಬಿದ್ದುಹೋದ ಮೇಲೆ ಬಹಳ ಕಾಲ ತುಟಿ ಪಿಟಕ್ಕೆಂದಿರಲಿಲ್ಲ. ಡಾಕ್ಟರು ನಾಲಗೆಗೇನೂ ಆಗಿಲ್ಲ, ಮನಸ್ಸಿಗೆ ಬೇಡವಾಗಿದೆ ಅಷ್ಟೆ ಎಂದಿದ್ದರು. ಕಿಟಕಿಯಾಚೆ ನೀರು ಬಂದು ನಿಂತ ಮೇಲೆ, ಒಂದು ಬೆಳಿಗ್ಗೆ ಅವರು ಇದ್ದಕ್ಕಿದ್ದಂತೆ "ಹಕ್ಕಿ" ಎಂದರು. ಅಕ್ಕ ಕೈಯಲ್ಲಿದ್ದ ಪಾತ್ರೆ ಬಿಟ್ಟು ಕುಸಿದು ಕೂತಿದ್ದಳು. ಆಮೇಲೆ ಒಂದೊಂದೇ ಮಾತು ಮರಳಿತು. ಈಗ ದಿನವಿಡೀ ಹಕ್ಕಿಗಳದೇ ವರದಿ.

"ಬಾರಯ್ಯ, ಕೆರೆ ಸಾಹುಕಾರ" ಎಂದರು ಭಾವ. ಮಾತು ಇನ್ನೂ ಸ್ವಲ್ಪ ತೊದಲುತ್ತಿತ್ತು. "ಕಂ... ಕಂಡಕ್ಟರ್ ಮೊಟ್ಟೆ ಇಟ್ಟಿದ್ದಾನೆ."

ಕಂಡಕ್ಟರ್ ಎಂದರೆ ಒಂದು ನೀರುಕೋಳಿ. ಬಾಲ ಕುಣಿಸುತ್ತ ಉಳಿದ ಹಕ್ಕಿಗಳನ್ನೆಲ್ಲ ಮುಂದೆ ಹೋಗಿ ಮುಂದೆ ಹೋಗಿ ಎಂದು ತಳ್ಳುತ್ತಿದ್ದುದರಿಂದ ಭಾವ ಇಟ್ಟ ಹೆಸರು.

"ಕಂಡಕ್ಟರ್ ಯಾಕೆ ಇಡ್ತಾನೆ? ಅವನ ಹೆಂಡ್ತಿ ಇಟ್ಟಿದ್ದು. ಕಷ್ಟ ಪಟ್ಟೋಳು ಒಬ್ಬಳು, ಹೆಸರು ಗಂಡಂದು" ಎಂದು ಅಕ್ಕ ಟೀ ಲೋಟ ತಂದಿಟ್ಟಳು.

"ನೋಡು, ಇವಳಿಗೆ ಅಲ್ಲೂ ನ್ಯಾಯ ಬೇಕು" ಎಂದು ಭಾವ ನಕ್ಕರು. ನಗು ಎಡಗಡೆಗೆ ಮಾತ್ರ ಹರಡಿತು.

ಅವನು ಕಿಟಕಿಯಿಂದ ನೋಡಿದ. ಜೊಂಡಿನ ನಡುವೆ, ನೀರಿಗೆ ತಾಗಿದಂತೆ, ಒಣಹುಲ್ಲಿನ ಒಂದು ಗುಪ್ಪೆ. ಅದರ ಮೇಲೆ ಕಪ್ಪಗೆ ಕೂತ ಹಕ್ಕಿ. ಹೇಳಬೇಕೆಂದೇ ಬಂದಿದ್ದ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೇ ಬಂದಿದ್ದ.

"ಅಕ್ಕ, ಮಳೆ ಹತ್ತಿರ ಬಂತಲ್ಲ. ಸ್ವಲ್ಪ ನೀರು ಬಿಡಬೇಕಾಗುತ್ತೋ ಏನೋ."

ಅಕ್ಕ ಸೆರಗಿಗೆ ಕೈ ಒರೆಸಿಕೊಳ್ಳುತ್ತ ನಿಂತಳು. "ಬಿಟ್ರೆ ಗೂಡು? ನೀರು ಇಳಿದ್ರೆ ಬೆಕ್ಕು ನಡ್ಕೊಂಡೇ ಹೋಗಿ ತಿಂದು ಬರುತ್ತೆ." ಆಮೇಲೆ ದನಿ ತಗ್ಗಿಸಿದಳು. "ಇವರು ನೋಡ್ತಾ ಇರ್ತಾರಲ್ಲೋ."

ಭಾವನ ಮುಖ ಕಿಟಕಿಯ ಕಡೆಗೇ ಇತ್ತು. ಆದರೆ ಕೇಳಿಸಿಕೊಂಡಿದ್ದಾರೆ ಎಂಬುದು, ಚಾದರದ ಮೇಲೆ ಅಲ್ಲಾಡುತ್ತಿದ್ದ ಎಡಗೈ ನಿಂತದ್ದರಿಂದ ಗೊತ್ತಾಯಿತು.

"ಹಾಗಲ್ಲ. ನೋಡೋಣ" ಎಂದ ಅವನು. ಟೀ ಸುಡುತ್ತಿತ್ತು. ಹಾಗೇ ನುಂಗಿದ.

ಮರುದಿನ ಕಚೇರಿಯಲ್ಲಿ ಮೇಡಂ ಅವನನ್ನು ಕರೆದರು. ಅವರ ಮೇಜಿನ ಹಿಂದಿನ ಗೋಡೆಯ ಮೇಲೆ ಅದೇ ಕೆರೆಯ ದೊಡ್ಡ ಫೋಟೊ ಇತ್ತು, ತುಂಬಿದ್ದು. ಅದಕ್ಕೆ ಬೆನ್ನು ಹಾಕಿ ಕೂತು ಅವರು ಹಣೆ ಒತ್ತಿಕೊಂಡರು.

"ಖಾಲಿ ಮಾಡ್ಲೇಬೇಕು. ನಂಗೂ ಗೊತ್ತು, ನಿಂಗೂ ಗೊತ್ತು. ನಾನೇ ಆರ್ಡರ್ ಹಾಕಿದ್ರೆ ಏನಾಗುತ್ತೆ ಹೇಳು. ಜನರ ಕೈಗೆ ಕೊಟ್ಟು ಮತ್ತೆ ಕಿತ್ಕೊಂಡ್ರು ಅಂತಾರೆ. ಆ ಚರಂಡಿಯವರು ಅದಕ್ಕೇ ಕಾಯ್ತಾ ಇದ್ದಾರೆ. ಜನಾನೇ ಒಪ್ಪಿ ಬಿಡಬೇಕು. ಭಾನುವಾರ ಸಮಿತಿ ಸೇರುತ್ತೆ, ನೀನು ಹೋಗಿ ಹೇಳು."

"ನಾನಾ, ಮೇಡಂ?"

"ನಿಮ್ಮಕ್ಕನ ಓಣಿ ಅಲ್ವಾ? ನಿನ್ನ ಮಾತು ಕೇಳ್ತಾರೆ. ಯಾವಾಗ್ಲಾದ್ರೂ ಒಂದ್ಸಲ ಬಾಯಿ ಬಿಡಪ್ಪ, ಮುತ್ತೇನೂ ಉದುರಿ ಹೋಗಲ್ಲ."

ಹೊರಗೆ ಕೂತಿದ್ದ ನಕ್ಷೆಗಾರ, ಅವನು ಬಾಗಿಲು ದಾಟುತ್ತಿದ್ದಂತೆ, "ಏನಂದ್ರು, ಗುಮ್ಮಣ್ಣ?" ಎಂದ. ಕಚೇರಿಯಲ್ಲಿ ಅವನಿಗೆ ಅದೇ ಹೆಸರು. ಗುಮ್ಮನಂತೆ ಕೂತಿರುತ್ತಾನೆ ಎಂದು. ಅವನು ತನ್ನ ಕುರ್ಚಿಗೆ ಹೋಗಿ ಕೂತ.

ಮಾತಾಡದವನು ಆಳವಾದವನು ಎಂದು ಜನ ತಿಳಿಯುತ್ತಾರೆ. ಅವನಿಗೆ ಮಾತ್ರ ಗೊತ್ತಿತ್ತು, ತನ್ನೊಳಗೆ ಆಳವೇನೂ ಇಲ್ಲ ಎಂದು. ಹೇಳಿದರೆ ಎದುರಿನ ಮುಖ ಹೇಗಾಗುತ್ತದೋ ಎಂಬ ಅಂಜಿಕೆ, ಅಷ್ಟೆ. ಚಿಕ್ಕಂದಿನಿಂದ ಅವನು ಮುಖಗಳನ್ನು ಕಾಯುತ್ತ ಬಂದಿದ್ದ.

ಭಾನುವಾರ ಸಮಿತಿ ಟೈಲರ್ ಅಂಗಡಿಯ ಮುಂದೆ ಸೇರಿತು. ಟೈಲರ್ ಸಮಿತಿಯ ಅಧ್ಯಕ್ಷ. ಕೊರಳಲ್ಲಿ ಟೇಪು ನೇತಾಡಿಸಿಕೊಂಡೇ ಸಭೆ ನಡೆಸುವವನು. ಹತ್ತಾರು ಜನ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತಿದ್ದರು. ಅಕ್ಕ ಮುಂದಿನ ಸಾಲಿನಲ್ಲಿ, ಇಸ್ತ್ರಿ ಮಾಡಿದ ಸೀರೆಯಲ್ಲಿ.

ಅವನು ಎದ್ದು ನಿಂತ. "ಮಳೆ ನೀರು ಬಂದು ಸೇರೋಕೆ ಜಾಗ ಬೇಕು. ಅದಕ್ಕೆ ಈಗಿರೋ ನೀರನ್ನ ಬಿಟ್ರೆ ಒಳ್ಳೇದು."

"ಎಷ್ಟು ಬಿಡಬೇಕು ಇಂಜಿನಿಯರ್ರೆ?" ಎಂದ ಟೈಲರ್. "ಅಳತೆ ಹೇಳಿ. ಅಳತೆ ಇಲ್ದೆ ನಾನು ಕತ್ತರಿ ಹಾಕೋನಲ್ಲ."

ಎಲ್ಲರೂ ನಕ್ಕರು. ಹಿಂದಿನಿಂದ ಯಾರೋ, "ಅಳತೆ ತಗೊಂಡೂ ನನ್ನ ಪ್ಯಾಂಟು ಮೊಣಕಾಲಿಗೆ ತಂದಿಟ್ಟೆಯಲ್ಲೋ" ಎಂದು ಕೂಗಿದ. ನಗು ಇಮ್ಮಡಿಸಿತು.

ಪೂರ್ತಿ ಎಂಬ ಒಂದು ಶಬ್ದ ಅವನ ಗಂಟಲಿನವರೆಗೆ ಬಂತು. ಅಷ್ಟರಲ್ಲಿ ಅಕ್ಕ ಎದ್ದಳು.

"ನಾನೊಂದು ಮಾತು ಹೇಳ್ತೀನಿ. ನನ್ನ ತಮ್ಮ ಮಾಡಿದ್ದು ಅಂತ ಅಲ್ಲ. ಈ ನೀರು ಬಂದ ಮೇಲೆ ನಮ್ಮನೆಯವರು ಮಾತಾಡ್ತಿದ್ದಾರೆ. ನಿಮಗೆಲ್ಲ ಗೊತ್ತೇ ಇದೆ. ಈಗ ಗೂಡಲ್ಲಿ ಮೊಟ್ಟೆ ಇದೆ. ಮರಿ ಆಗಿ ಈಜೋವರೆಗೆ ತಡೀರಿ. ಆಮೇಲೆ ನಾನೇ ಕೈಯಾರೆ ತೂಬು ತೆಗೀತೀನಿ." ಅವನ ಕಡೆ ತಿರುಗಿದಳು. ಅವನು ಪರೀಕ್ಷೆ ಪಾಸಾದ ದಿನ ಹೇಗಿತ್ತೋ ಹಾಗೇ ಇತ್ತು ಅವಳ ಮುಖ. "ಅಷ್ಟು ಸಾಕಲ್ವೇನೋ? ಅಪಾಯ ಏನಿಲ್ಲ ತಾನೆ?"

ಅಪಾಯ ಇದೆ ಎನ್ನಲು ಎರಡೇ ಶಬ್ದ ಸಾಕಿತ್ತು. ಓಣಿಯವರೆಲ್ಲ ಅವನನ್ನೇ ನೋಡುತ್ತಿದ್ದರು. ಅವನು ಇದೆಯೆಂದರೆ ಅವರು ಕೇಳುತ್ತಿದ್ದರು. ಮೇಡಂ ಹೇಳಿದ್ದು ಸುಳ್ಳಾಗಿರಲಿಲ್ಲ. ಆದರೆ ಆ ಶಬ್ದ ಅಕ್ಕನ ಮುಖದ ಮೇಲೆ ಬೀಳಬೇಕಿತ್ತು, ಅಲ್ಲಿಂದ ಮನೆಗೆ ಹೋಗಿ ಕಿಟಕಿಯ ಪಕ್ಕದ ಮಂಚದ ಮೇಲೆ ಬೀಳಬೇಕಿತ್ತು.

"ಒಂದು ಗೇಣು ಇಳಿಸೋಣ" ಎಂದು ಟೈಲರ್ ಕೈ ಚಾಚಿ ತೋರಿಸಿದ. "ಗೂಡಿಗೂ ತೊಂದರೆ ಇಲ್ಲ, ಸರ್ಕಾರಕ್ಕೂ ಬೇಜಾರಿಲ್ಲ. ಏನಂತೀರಿ?"

ಅವನು ತಲೆಯಾಡಿಸಿದ. ಹೌದೆಂದೋ ಅಲ್ಲವೆಂದೋ ಅವನಿಗೇ ಗೊತ್ತಿರಲಿಲ್ಲ. ಜನ ಹೌದೆಂದು ತಿಳಿದು ಎದ್ದರು. ಒಂದು ಗೇಣು ಎಂದರೆ ದೊಡ್ಡ ಮಳೆಗೆ ಬಾಯಿ ಮುಕ್ಕಳಿಸಲೂ ಸಾಲದು. ಮೇಡಂಗೆ, "ನೀರು ಇಳಿಸೋಕೆ ಒಪ್ಪಿದ್ದಾರೆ" ಎಂದು ತಿಳಿಸಿದ. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಮಳೆ ಬಂದದ್ದು ಒಂದು ಮಧ್ಯಾಹ್ನ, ಗೂಡಿನಲ್ಲಿ ಮೊಟ್ಟೆಗಳಿನ್ನೂ ಒಡೆದಿರಲಿಲ್ಲ. ಕಚೇರಿ ಇದ್ದದ್ದು ಮೇಲಿನ ಬಡಾವಣೆಯಲ್ಲಿ. ಅಲ್ಲಿ ಆಕಾಶವೇ ಹರಿದು ಬಿದ್ದಂತಾಯಿತು. ಎದುರಿನ ಕಟ್ಟಡ ಕಾಣದಾಯಿತು. ರಸ್ತೆ ಹೊಳೆಯಾಗಿ ಇಳಿಜಾರಿಗೆ ಓಡತೊಡಗಿತು. ಅದು ಎಲ್ಲಿಗೆ ಓಡುತ್ತಿದೆ ಎಂಬುದು ಕಚೇರಿಯ ಕಿಟಕಿಗೆ ಮುಖ ಒತ್ತಿ ನಿಂತವರಲ್ಲಿ ಅವನಷ್ಟು ಚೆನ್ನಾಗಿ ಬಲ್ಲವರು ಇರಲಿಲ್ಲ. ಅಕ್ಕನಿಗೆ ಫೋನು ಮಾಡಿದ.

"ಮಳೆನಾ? ಇಲ್ಲಿ ಬರೀ ತುಂತುರು ಕಣೋ" ಎಂದಳು ಅವಳು. "ಬಿಸಿಲೂ ಇದೆ. ಬಟ್ಟೆ ಒಗೆದು ಈಗಷ್ಟೇ ಹರವಿದ್ದೆ."

"ಅಕ್ಕ, ತೂಬು ತೆಗೆದು ಬಿಡು."

"ಬಟ್ಟೆ ಒಳಗೆ ಹಾಕಿ ಹೋಗ್ತೀನಿ. ಇವರ ಚಾದರ ಎಲ್ಲ ಹೊರಗಿದೆ."

ಬಟ್ಟೆ ಹಾಳಾಗಿ ಹೋಗಲಿ, ತೂಬನ್ನೂ ಬಿಡು, ಭಾವನನ್ನು ಎತ್ತಿಕೊಂಡು ಯಾರ ಮಹಡಿಗಾದರೂ ಹೋಗು ಎನ್ನಬೇಕಿತ್ತು. ಹಾಗೆಂದರೆ, ಯಾಕೆ, ಅಪಾಯವಿಲ್ಲವೆಂದು ತಲೆಯಾಡಿಸಿದ್ದೆಯಲ್ಲ ಎಂದು ಅವಳು ಕೇಳುತ್ತಿದ್ದಳು.

"ಸರಿ. ಬೇಗ ಹೋಗು" ಎಂದ.

ಬಸ್ಸುಗಳು ನಿಂತುಹೋಗಿದ್ದವು. ನೀರಿನ ಜೊತೆಯಲ್ಲೇ ಇಳಿಜಾರನ್ನು ಇಳಿದ. ಅದು ಅವನಿಗಿಂತ ಬೇಗ ಇಳಿಯುತ್ತಿತ್ತು. ಓಣಿ ತಲುಪಿದಾಗ ಕೆರೆ ಏರಿಯನ್ನು ಹಾರಿ ಬರುತ್ತಿತ್ತು. ಗದ್ದಲವಿಲ್ಲದೆ, ಹಾಲು ಉಕ್ಕಿದಂತೆ, ಉದ್ದಕ್ಕೂ ಒಂದೇ ಸಮನೆ. ಅಕ್ಕ ಸೊಂಟದವರೆಗಿನ ನೀರಿನಲ್ಲಿ ನಿಂತು ತೂಬಿನ ಚಕ್ರವನ್ನು ಇನ್ನೂ ತಿರುಗಿಸುತ್ತಿದ್ದಳು. ಅದು ಪೂರ್ತಿ ತೆರೆದಿತ್ತು. ಇನ್ನು ತಿರುಗಲು ಏನೂ ಉಳಿದಿರಲಿಲ್ಲ. ಆ ತೂಬನ್ನು ನಿಧಾನವಾಗಿ ಬಿಡಲೆಂದೇ ಸಣ್ಣದಾಗಿ ಕಟ್ಟಿದ್ದರು. ಅದರ ಬಾಯಿಯ ಅಗಲವನ್ನು ಲೆಕ್ಕ ಹಾಕಿದವನು ಅವನೇ.

ಟೈಲರೂ ಇನ್ನಿಬ್ಬರೂ ಭಾವನನ್ನು ಕುರ್ಚಿಯ ಸಮೇತ ಎತ್ತಿ ಅಂಗಡಿಯ ಮಹಡಿಗೆ ಸಾಗಿಸಿದ್ದರು. ಮನೆಯೊಳಗೆ ಮಂಚ ಮುಳುಗಿತ್ತು. ದಿಂಬು ತೇಲುತ್ತಿತ್ತು. ಅವನು ಬಾಗಿಲಲ್ಲಿ ನಿಂತು ಕೈಕೈ ಹಿಸುಕಿಕೊಂಡ. ಮಾಡಲು ಕೆಲಸವೇ ಇರಲಿಲ್ಲ. ನೀರನ್ನು ತಡೆಯುವ ವಿದ್ಯೆ ಓದಿದವನ ಕೈಗೆ ಆ ಹೊತ್ತು ಯಾರೋ ಒಂದು ಬಕೆಟ್ಟು ಕೊಟ್ಟರು.

ಸಾವುನೋವು ಆಗಲಿಲ್ಲ. ಗೋಡೆಗಳು ಎದೆಮಟ್ಟ ನೆನೆದು ಸುಣ್ಣ ಸುಲಿಯಿತು. ಅಕ್ಕ, ಭಾವ ಅವನ ಬಾಡಿಗೆ ಕೋಣೆಗೆ ಬಂದರು. ಅಲ್ಲಿಯ ಕಿಟಕಿ ಪಕ್ಕದ ಕಟ್ಟಡದ ಗೋಡೆಗೆ ತೆರೆಯುತ್ತಿತ್ತು. ಮೊದಲ ದಿನ ಭಾವ ಅದರ ಕಡೆಗೆ ಒಮ್ಮೆ ನೋಡಿದರು. ಆಮೇಲೆ ನೋಡಲಿಲ್ಲ. ಮಾತೂ ಆಡಲಿಲ್ಲ.

ಕಚೇರಿಯಲ್ಲಿ ವಿಚಾರಣೆ ನಡೆಯಿತು. ಹುಲ್ಲು ನೆಟ್ಟು ನೀರು ಹಿಡಿಯಲು ಹೋದರೆ ಆಗುವುದು ಇಷ್ಟೇ ಎಂದು ಚರಂಡಿಯ ಪಕ್ಷದವರು ಮೀಸೆ ತಿರುವಿದರು. ತಗ್ಗನ್ನು ಮುಚ್ಚಿ ಸಿಮೆಂಟು ಹಾಕುವ ತೀರ್ಮಾನವಾಯಿತು. ಮೇಡಂ ಅವನತ್ತ ಒಂದು ಸಲ ನೋಡಿದರು. ಅವನು ತಲೆ ತಗ್ಗಿಸಿದ. ಕಾರಣ ಏನೆಂದು ಬರೆಯಬೇಕು ಎಂಬ ಪ್ರಶ್ನೆ ಬಂದಾಗ, ಕೀಲಿ ಇದ್ದವರು ಸಕಾಲಕ್ಕೆ ತೂಬು ತೆರೆಯಲಿಲ್ಲ ಎಂದು ಯಾರೋ ಹೇಳಿದರು. ಅದು ಎಲ್ಲರಿಗೂ ಅನುಕೂಲವಾದ ಮಾತಾಗಿತ್ತು. ಯಾರೂ ಬೇಡವೆನ್ನಲಿಲ್ಲ. ಅವನೂ ಅನ್ನಲಿಲ್ಲ. ಅನ್ನಬೇಕಿದ್ದ ಮಾತು ಬಾಯಲ್ಲಿ ಬಿಸಿತುಪ್ಪದಂತೆ ನಿಂತಿತ್ತು, ಉಗುಳುವಂತಿಲ್ಲ, ನುಂಗುವಂತಿಲ್ಲ.

ಸುದ್ದಿ ಓಣಿಗೂ ಹೋಯಿತು, ಅಕ್ಕನಿಗೂ ಬಂತು. ಅವಳು ಸಿಟ್ಟಾಗಲಿಲ್ಲ. ಆಗಲಿ ಎಂದು ಅವನು ಕಾದಿದ್ದ. ಸಂಜೆ ಗಂಡನಿಗೆ ತುತ್ತು ತಿನ್ನಿಸಿ, ಬಾಯಿ ಒರೆಸಿ, ಟೀ ಲೋಟ ಹಿಡಿದು ತಮ್ಮನ ಎದುರು ನೆಲದ ಮೇಲೆ ಕೂತಳು.

"ಅವರು ಹೇಳೋದು ಸರೀನೇ ಕಣೋ. ನೀನು ಫೋನು ಮಾಡಿ ಬೇಗ ಹೋಗು ಅಂದೆ. ನಾನು ಬಟ್ಟೆ ಮಡಿಚ್ತಾ ಕೂತೆ. ಎರಡು ಚಾದರಕ್ಕೋಸ್ಕರ." ಸೆರಗಿನ ತುದಿಯನ್ನು ಮಡಿಚಿದಳು, ಬಿಚ್ಚಿದಳು. "ನಿನ್ನ ಕೆಲಸಾನೂ ಹಾಳು ಮಾಡ್ದೆ. ಇವರ ಮಾತನ್ನೂ ಕಳೆದೆ."

"ಬಿಡಕ್ಕ."

"ಬಿಡಕ್ಕ ಅಂದ್ರೆ ಬಿಡುತ್ತಾ? ನಿಂಗೆ ಗೊತ್ತಿರುತ್ತೆ, ಓದಿದೋನು. ನಿಜ ಹೇಳು. ಬಟ್ಟೆ ಬಿಟ್ಟು ಆಗಲೇ ಓಡಿದ್ರೆ ನೀರು ನಿಲ್ತಿತ್ತಲ್ವಾ?"

ಮಂಚದ ಮೇಲೆ ಭಾವ ಕಣ್ಣು ತೆರೆದೇ ಮಲಗಿದ್ದರು. ಗೋಡೆಯಾಚೆ ಯಾರದೋ ಮನೆಯ ನಲ್ಲಿ ತೊಟ್ಟಿಕ್ಕುತ್ತಿತ್ತು. ಅಕ್ಕ ಅವನ ಮುಖವನ್ನೇ ನೋಡುತ್ತ ಕಾದಳು.

"ಟೀ ಆರ್ತಿದೆ, ಕುಡಿ" ಎಂದ ಅವನು.

ಎಷ್ಟು ಬೇಗ ಓಡಿದ್ದರೂ ನೀರು ನಿಲ್ಲುತ್ತಿರಲಿಲ್ಲ, ಆ ನೀರು ಅಲ್ಲಿ ಇರಲೇಬಾರದಾಗಿತ್ತು, ಅದು ತನಗೆ ಮೊದಲಿನಿಂದಲೂ ಗೊತ್ತಿತ್ತು ಎಂದು ಅವನು ಅಕ್ಕನಿಗೆ ಹೇಳಲಿಲ್ಲ. ಆಮೇಲೆಯೂ ಹೇಳಲಿಲ್ಲ.